ಕೆಂಪುಕಲ್ಲಿನ ಗೋಡೆಗೆ ಟಿವಿ: 30 ಸಾವಿರದೊಳಗೆ ಯಾವುದು ತಗೊಳ್ಳುವುದು, ಹೇಗೆ ಕೂರಿಸುವುದು?

ಪುತ್ತೂರು_ಮನೆ:
ಹಾಲ್‌ಗೆ ಹೊಸ ಟಿವಿ ತಗೊಳ್ಳಲಿಕ್ಕುಂಟು, ಗೋಡೆಗೇ ಹಾಕಬೇಕು. ಟಿವಿ, ಬ್ರಾಕೆಟ್, ವೈರಿಂಗ್ ಎಲ್ಲ ಸೇರಿ 30 ಸಾವಿರ ದಾಟಬಾರದು. ಮನೆ ಹಳೆಯದು. ಕೆಂಪುಕಲ್ಲಿನ ಗೋಡೆ, ಮೇಲೆ ಸಿಮೆಂಟ್ ಸಾರಣೆ. ಸೋಫಾದಿಂದ ಗೋಡೆಗೆ 8 ಅಡಿ. ಎಡಬದಿಯಲ್ಲಿ ಒಂದು ದಿವಾನ್ ಉಂಟು, ಅಲ್ಲಿಂದಲೂ ನೋಡುವವರಿದ್ದಾರೆ. ನೋಡುವುದು ಡಿಶ್‌ನ ಕನ್ನಡ ಚಾನೆಲ್, ಯೂಟ್ಯೂಬ್, ಆಗೊಮ್ಮೆ ಈಗೊಮ್ಮೆ ಸಿನಿಮಾ.

43 ಸಾಕಾ, 55ಕ್ಕೆ ಹೋಗಬೇಕಾ? 4ಕೆ ಬೇಕೇಬೇಕಾ? ಅಂಗಡಿಯವರು ಇನ್‌ಸ್ಟಾಲೇಶನ್ ಫ್ರೀ ಅನ್ನುತ್ತಾರೆ, ಆದರೆ ಕೆಂಪುಕಲ್ಲಲ್ಲಿ ಸ್ಕ್ರೂ ನಿಲ್ಲುತ್ತದಾ ಅಂತ ಸಂಶಯ. ದಿವಾನ್ ಕಡೆ ತಿರುಗಿಸುವ ಬ್ರಾಕೆಟ್ ಹಾಕಬಹುದಾ?

ಪರದೆ_ಲೆಕ್ಕ:
ಈ ಬಜೆಟ್‌ಗೆ 43 ಇಂಚೇ ಸರಿ. 8 ಅಡಿಗೆ 55 ಇಂಚು ದೊಡ್ಡದಾಗುತ್ತೆ ಅಂತ ಹೇಳ್ತಿಲ್ಲ, ಅಳತೆಗೆ ಅದೂ ಹೊಂದುತ್ತೆ. ಆದರೆ ನಿಮ್ಮ ದುಡ್ಡಿಗೆ ಸಿಗೋ 55ರಲ್ಲಿ ಪ್ಯಾನೆಲ್ ಮಂಕು, ಪ್ರೊಸೆಸರ್ ನಿಧಾನ. ಜತೆಗೆ ನೀವು ನೋಡೋ ಡಿಶ್ ಚಾನೆಲ್‌ಗಳಲ್ಲಿ ಎಸ್‌ಡಿ (ಕಡಿಮೆ ಸ್ಪಷ್ಟತೆಯ ಹಳೇ ಬಗೆ) ಇದ್ದರೆ ಅದನ್ನ 55ಕ್ಕೆ ಹಿಗ್ಗಿಸಿದಾಗ ಮುಖಗಳೆಲ್ಲ ಕಲಸಿದ ಹಾಗೆ ಕಾಣುತ್ತೆ. ಹಳೇ ಸೆಟ್‌ಟಾಪ್ ಬಾಕ್ಸ್ ಇನ್ನೂ ಕೆಂಪು-ಬಿಳಿ-ಹಳದಿ ವೈರಲ್ಲಿ ಓಡ್ತಿದ್ದರೆ ಮೊದಲು ಎಚ್‌ಡಿಎಂಐ ಇರೋ ಎಚ್‌ಡಿ ಬಾಕ್ಸ್ ಹಾಕಿಸಿ. ಎಷ್ಟೇ ಒಳ್ಳೆ ಟಿವಿ ತಂದರೂ ಆ ವೈರಿನಿಂದ ಬರೋ ಚಿತ್ರ ಸುಧಾರಿಸಲ್ಲ.

4ಕೆ (ಫುಲ್ ಎಚ್‌ಡಿಗಿಂತ ಸಣ್ಣ ಚುಕ್ಕೆಗಳ ಪರದೆ) ಬಗ್ಗೆ: 43 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಒಂದು ಪಿಕ್ಸೆಲ್ (ಚಿತ್ರದ ಒಂದು ಚುಕ್ಕೆ) ಸುಮಾರು ಅರ್ಧ ಮಿಲಿಮೀಟರ್. ಸಾಮಾನ್ಯ ದೃಷ್ಟಿ ಇರೋರಿಗೆ ಐದೂವರೆ ಅಡಿಯಿಂದ ಆಚೆ ಅದು ಬಿಡಿಬಿಡಿಯಾಗಿ ಕಾಣಲ್ಲ. ಹಾಗಾಗಿ 8 ಅಡಿಯಲ್ಲಿ 4ಕೆ ಅಂತ ಬರೆದಿದ್ದಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಆದರೂ ಕೊನೆಗೆ ತಗೊಳ್ಳೋದು 4ಕೆನೇ ಆಗುತ್ತೆ, ಯಾಕಂದ್ರೆ 43ರಲ್ಲಿ ಸ್ವಲ್ಪ ಒಳ್ಳೆ ಪ್ಯಾನೆಲ್, 2 ಜಿಬಿ ರ್‍ಯಾಮ್, 16 ಜಿಬಿ ಸ್ಟೋರೇಜ್ ಬರೋದು ಹೆಚ್ಚಾಗಿ ಆ ಮಾಡೆಲ್‌ಗಳಲ್ಲೇ. 8 ಜಿಬಿಯದು ಬೇಡ. ಸಿಸ್ಟಮ್ಮೇ ಬಹುಪಾಲು ತಿಂದುಹಾಕುತ್ತೆ, ಎರಡು ವರ್ಷದಲ್ಲಿ ಆ್ಯಪ್ ಅಪ್‌ಡೇಟ್ ಮಾಡೋಕೂ ಜಾಗ ಇರಲ್ಲ. ಎಚ್‌ಡಿಎಂಐ ಮೂರಿರಲಿ, ಅದರಲ್ಲಿ ಒಂದು ಎಆರ್‌ಸಿ (ಟಿವಿಯ ಧ್ವನಿಯನ್ನ ಹೊರಗಿನ ಸ್ಪೀಕರ್‌ಗೆ ಕಳಿಸೋದು) ಆಗಿರಲಿ. ವೈಫೈ 5 ಗಿಗಾಹರ್ಟ್ಸ್ ಕೂಡ ಹಿಡೀಬೇಕು. ಬಾಕ್ಸ್ ಮೇಲಿನ ಎಚ್‌ಡಿಆರ್ (ಬೆಳಕು-ಕತ್ತಲೆಯ ವ್ಯತ್ಯಾಸ ಹೆಚ್ಚು ತೋರಿಸೋ ತಂತ್ರ) ಲೋಗೋ ನೋಡಿ ಆರಿಸಬೇಡಿ. 250-300 ನಿಟ್ಸ್‌ನಷ್ಟು ಕಡಿಮೆ ಬೆಳಕಿನ ಪ್ಯಾನೆಲ್‌ನಲ್ಲಿ ಅದು ಏನೂ ಕೊಡಲ್ಲ.

ನಿಮಗೆ ನಿಜವಾಗಿ ಮುಖ್ಯ ಆಗೋದು ಆ ದಿವಾನ್. ಪ್ಯಾನೆಲ್‌ನಲ್ಲಿ ಐಪಿಎಸ್, ವಿಎ ಅಂತ ಎರಡು ಬಗೆ. ವಿಎದಲ್ಲಿ ಕಪ್ಪು ಚೆನ್ನಾಗಿ ಬರುತ್ತೆ, ಆದರೆ ಪಕ್ಕದಿಂದ ನೋಡಿದರೆ ಬಣ್ಣ ಸಪ್ಪೆ. ಐಪಿಎಸ್‌ನಲ್ಲಿ ಕಪ್ಪು ಸ್ವಲ್ಪ ಬೂದಿ, ಪಕ್ಕದಿಂದ ಬಣ್ಣ ಹಾಗೇ ಇರುತ್ತೆ. ಒಂದೇ ಮಾಡೆಲ್ ನಂಬರಲ್ಲಿ ಎರಡೂ ಬರೋದುಂಟು, ಹಾಗಾಗಿ ಅಂಗಡಿಯಲ್ಲೇ ಪರೀಕ್ಷೆ ಮಾಡಿ: ಮುಖ ಹತ್ತಿರದಿಂದ ಕಾಣೋ ದೃಶ್ಯ ಹಾಕಿಸಿ, ಪಿಕ್ಚರ್ ಮೋಡ್ ವಿವಿಡ್‌ನಿಂದ ಸಿನಿಮಾಕ್ಕೆ ಬದಲಾಯಿಸಿ, ಪಕ್ಕಕ್ಕೆ ಓರೆಯಾಗಿ ನಿಂತು ನೋಡಿ. ಮುಖ ಬಿಳಿಚಿಕೊಂಡರೆ ಅದು ನಿಮ್ಮ ಮನೆಗೆ ಬೇಡ. ಐಪಿಎಸ್ ಸಿಕ್ಕರೆ ತಿರುಗೋ ಬ್ರಾಕೆಟ್ಟಿನ ಅಗತ್ಯವೇ ಇಲ್ಲ.

ಬೆಲೆ ಸುಮಾರು 22ರಿಂದ 27 ಸಾವಿರ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ. ಹಳೇ ರೇಟಿನ ಮೇಲೆ ಡಿಸ್ಕೌಂಟ್ ಲೆಕ್ಕ ತೋರಿಸಿದರೆ ಬಿಲ್ಲಿನಲ್ಲಿ ತೆರಿಗೆ ಎಷ್ಟು ಹಾಕಿದ್ದಾರೆ ನೋಡಿ.

ಗೋಡೆ_ಕೆಲಸ_ಉಡುಪಿ:
ನಿಮ್ಮ ಸಂಶಯ ಸರಿಯಾಗಿಯೇ ಉಂಟು. ಫ್ರೀ ಇನ್‌ಸ್ಟಾಲೇಶನ್‌ನವರು ಹೆಚ್ಚಾಗಿ ತರುವುದು 35-40 ಮಿಮೀ ಉದ್ದದ ನಾಲ್ಕು ಪ್ಲಾಸ್ಟಿಕ್ ಪ್ಲಗ್. ಹಳೇ ಮನೆಯಲ್ಲಿ ಸಾರಣೆಯೇ 20 ಮಿಮೀ ಇರುತ್ತದೆ, ಅದಕ್ಕೆ ಹಿಡಿತ ಇಲ್ಲ. ಬಾಕಿ 15-20 ಮಿಮೀ ಮಾತ್ರ ಕಲ್ಲಿಗೆ ಹೋಗುವುದು. ಗಟ್ಟಿ ಇಟ್ಟಿಗೆಯಲ್ಲಾದರೆ ಅದು ಸಾಕಾದೀತು. ಕೆಂಪುಕಲ್ಲು ಮೆತ್ತಗೆ, ಮೇಲಾಗಿ ಒಳಗೆ ಪೊಟರೆಗಳು. ಡ್ರಿಲ್ಲಿನ ಹ್ಯಾಮರ್ (ಕುಟ್ಟುವ) ಮೋಡ್ ಹಾಕಿ ಕೊರೆದರೆ 8 ಮಿಮೀ ತೂತು 11 ಆಗುತ್ತದೆ, ಸ್ಕ್ರೂ ತಿರುಗಿಸುವಾಗ ಪ್ಲಗ್ಗೂ ಒಟ್ಟಿಗೆ ತಿರುಗುತ್ತದೆ. ಕಬ್ಬಿಣದ ಆ್ಯಂಕರ್ ಬೋಲ್ಟ್ ಹಾಕುವ ಅಂತ ಯಾರಾದರೂ ಹೇಳಿದರೆ ಬೇಡವೇ ಬೇಡ. ಅದು ಅರಳಿ ಹಿಡಿಯುವ ಜಾತಿ, ಮೆತ್ತಗಿನ ಕಲ್ಲನ್ನು ಪುಡಿ ಮಾಡಿಕೊಂಡು ಸಡಿಲ ಆಗುತ್ತದೆ.

ಖರ್ಚು ಕಮ್ಮಿ, ಕೆಲಸ ಗಟ್ಟಿ ಆಗುವ ದಾರಿ ಇದು. 18 ಮಿಮೀ ವಾಟರ್‌ಪ್ರೂಫ್ ಪ್ಲೈವುಡ್ 2 ಅಡಿ ಅಗಲ, ಒಂದೂವರೆ ಅಡಿ ಎತ್ತರಕ್ಕೆ ಕಟ್ ಮಾಡಿಸಿ. 43 ಇಂಚಿನ ಟಿವಿ ಸುಮಾರು 96 ಸೆಂಮೀ ಅಗಲ, 56 ಸೆಂಮೀ ಎತ್ತರ ಇರುತ್ತದೆ, ಹಲಗೆ ಹಿಂದೆ ಅಡಗಿಹೋಗುತ್ತದೆ. ಬ್ರಾಕೆಟ್ಟಿನ ನಾಲ್ಕು ತೂತಿನ ಜಾಗಕ್ಕೆ ಎಂ6 (6 ಮಿಮೀ ದಪ್ಪದ) ಬೋಲ್ಟನ್ನು ಹಲಗೆಯ ಹಿಂಬದಿಯಿಂದ ಮೊದಲೇ ತೂರಿಸಿಡಿ, ತಲೆ ಹಲಗೆಯೊಳಗೆ ಕೂತು ಸಮ ಆಗಬೇಕು. ಆಮೇಲೆ ಹಲಗೆಯನ್ನು ಗೋಡೆಗೆ ಎಂಟು ಕಡೆ ಬಿಗಿಯುವುದು, 10 ಮಿಮೀ ದಪ್ಪ, 100 ಮಿಮೀ ಉದ್ದದ ನೈಲಾನ್ ಫ್ರೇಮ್ ಪ್ಲಗ್‌ನಲ್ಲಿ. ಲೆಕ್ಕ ನೋಡಿ: ಹಲಗೆ 18, ಸಾರಣೆ 20, ಬಾಕಿ 62 ಮಿಮೀ ಕಲ್ಲಿನೊಳಗೆ.

ಕೊರೆಯುವಾಗ ಹ್ಯಾಮರ್ ಆಫ್. ಮೊದಲು 6 ಮಿಮೀ ಬಿಟ್, ಆಮೇಲೆ 10. ತೂತು ಪ್ಲಗ್‌ಗಿಂತ 10 ಮಿಮೀ ಹೆಚ್ಚು ಆಳ ಇರಲಿ, ಬಿಟ್‌ಗೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಹುಡಿಯ ಬಣ್ಣ ನೋಡುತ್ತಾ ಇರಬೇಕು. ಮೊದಲು ಬೂದು ಬಣ್ಣ, ಅದು ಸಾರಣೆ. ನಂತರ ಕೆಂಪು ಬಂದರೆ ಕಲ್ಲು ಸಿಕ್ಕಿತು. ಪುನಃ ಬೂದು ಬಂದರೆ ಸಿಮೆಂಟ್ ಸಂದು. ಬಿಟ್ ಇದ್ದಕ್ಕಿದ್ದಂತೆ ಒಳಗೆ ಜಾರಿದರೆ ಪೊಟರೆ ಅಥವಾ ಮಣ್ಣಿನ ಸಂದು, ಆ ತೂತು ಬಿಟ್ಟು ಎರಡು ಇಂಚು ಆಚೆ ಹೊಸದು ಹಾಕಿ. ಹಲಗೆ ಇರುವುದರಿಂದ ಎಲ್ಲಿ ಬೇಕಾದರೂ ಹಾಕಬಹುದು, ಅದಕ್ಕೇ ಹಲಗೆ ಹೇಳಿದ್ದು. ಹುಡಿಯನ್ನು ಸೈಕಲ್ ಪಂಪಿನಿಂದ ಪೂರ್ತಿ ಊದಿ ತೆಗೆಯಿರಿ, ಹುಡಿ ಉಳಿದರೆ ಪ್ಲಗ್ ಹಿಡಿಯುವುದಿಲ್ಲ. ಸಡಿಲವಾದ ತೂತಿಗೆ ಬೆಂಕಿಕಡ್ಡಿ, ಎಂಸೀಲ್ ತುರುಕಿ ಸುಧಾರಿಸುವ ಕೆಲಸ ಮಾತ್ರ ಮಾಡಬೇಡಿ. ಎಲ್ಲಿ ಕೊರೆದರೂ ಪೊಟರೆಯೇ ಸಿಕ್ಕಿದರೆ ಜಾಲರಿ ಕೊಳವೆ ಇಟ್ಟು ಕೆಮಿಕಲ್ ಆ್ಯಂಕರ್ (ಒಳಗೆ ಗಟ್ಟಿಯಾಗುವ ಅಂಟು) ತುಂಬಿಸಬೇಕು. ಖರ್ಚು ಏರುತ್ತದೆ, ಆದರೆ ಬೇರೆ ದಾರಿ ಇಲ್ಲ.

ಇನ್ನು ತಿರುಗುವ ಬ್ರಾಕೆಟ್. ಟಿವಿ 8 ಕೆಜಿ, ಬ್ರಾಕೆಟ್ 2 ಕೆಜಿ ಅಂತ ಇಟ್ಟುಕೊಳ್ಳಿ. ಗೋಡೆಗೆ ಅಂಟಿದ ಹಾಗೆ ಇರುವ ಬ್ರಾಕೆಟ್‌ನಲ್ಲಿ ಆ 10 ಕೆಜಿ ಹೆಚ್ಚುಕಮ್ಮಿ ನೇರ ಕೆಳಗೆ ಜಗ್ಗುತ್ತದೆ, ಹೊರಗೆ ಎಳೆಯುವುದು ಅಲ್ಪ. ತೋಳನ್ನು 40 ಸೆಂಮೀ ಹೊರಗೆ ಎಳೆದಿರೋ, ಮೇಲಿನ ಮತ್ತು ಕೆಳಗಿನ ಸ್ಕ್ರೂಗಳ ನಡುವೆ 20 ಸೆಂಮೀ ಇದ್ದರೆ ಮೇಲಿನವನ್ನು ಕೀಳುವ ಬಲ 20 ಕೆಜಿಯಷ್ಟು. ಮಕ್ಕಳು ಹಿಡಿದು ಜಗ್ಗಿದರೆ ಇನ್ನೂ ಹೆಚ್ಚು. ಕೆಂಪುಕಲ್ಲು ಸೋಲುವುದು ಕೀಳುವ ಬಲಕ್ಕೇ. ಸ್ಥಿರವಾದದ್ದು, ಇಲ್ಲವೇ ಸ್ವಲ್ಪ ಮುಂದಕ್ಕೆ ಬಾಗುವಂಥದ್ದು ಹಾಕಿ. 400-600 ರೂಪಾಯಿಯಲ್ಲಿ ಸಿಗುತ್ತದೆ.

ಮಳೆ ಬಡಿಯುವ ಹೊರಗೋಡೆಯಾದರೆ ಆ ಜಾಗವೇ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಥಂಡಿ ಇಳಿಯುತ್ತಲೇ ಇರುತ್ತದೆ.

ಹುಬ್ಬಳ್ಳಿ_ಟೆಕ್:
ಎತ್ತರದ ಬಗ್ಗೆ ಯಾರೂ ಹೇಳಿಲ್ಲರೀ. ಸೋಫಾದ ಮ್ಯಾಲೆ ಕುಂತಾಗ ಕಣ್ಣು ನೆಲದಿಂದ ಸುಮಾರು 42 ಇಂಚು ಇರತೈತಿ. ಪರದೆಯ ನಡುಭಾಗ ಅಷ್ಟಕ್ಕ ಬರಬೇಕು, ಅಂದ್ರ ಟಿವಿ ಕೆಳಗಿನ ಅಂಚು 31 ಇಂಚಿಗೆ. ಫೋಟೋ ಫ್ರೇಮ್ ಹಾಕೋ ಎತ್ತರಕ್ಕ ಹಾಕಿಸಿದ್ರ ಕುತ್ತಿಗಿ ನೋವು ಗ್ಯಾರಂಟಿ.

ಟಿವಿ ಹಿಂದಿನ ನಾಲ್ಕು ತೂತು ನಟ್ಟನಡುವೆ ಇರಂಗಿಲ್ಲ, ಬಾಳಷ್ಟರಾಗ ಕೆಳಗಿನ ಅರ್ಧದಾಗ ಇರತಾವ. ಮ್ಯಾಲಿನ ಅಂಚಿನಿಂದ ಮ್ಯಾಲಿನ ತೂತಿಗೆ ಎಷ್ಟು ಅಂತ ಟೇಪ್ ಹಿಡಿದು ನೋಡಿ, ಆಮ್ಯಾಲೆ ಗೋಡೆ ಗುರುತು ಮಾಡ್ರಿ. ಬ್ರಾಕೆಟ್ ತಗೊಳ್ಳೋ ಮುಂಚೆ ಆ ತೂತುಗಳ ಅಂತರಾನೂ ಅಳೀರಿ. ಅದಕ್ಕ ವೆಸಾ ಅಳತೆ ಅಂತಾರ, 43ರಾಗ ಹೆಚ್ಚಾಗಿ 200 ಬೈ 200 ಮಿಮೀ. ಸ್ಕ್ರೂ ಎಂ6 ಇರಬಹುದು, ಎಂ4 ಇರಬಹುದು, ಮ್ಯಾನುಯಲ್ ನೋಡ್ರಿ. ಕೈಯಿಂದ ಐದಾರು ಸುತ್ತು ಸಲೀಸಾಗಿ ಹೋಗಬೇಕು. ಪೂರಾ ಒಳಗ ಹೋಗೋದರಾಗ ಬಿಗಿ ಆತು ಅಂದ್ರ ಸ್ಕ್ರೂ ಉದ್ದ ಆಗೇತಿ, ಒತ್ತಿದ್ರ ಒಳಗಿನ ಬೋರ್ಡಿಗೆ ತಾಗತೈತಿ. ನಡುವೆ ವಾಷರ್ ಇಲ್ಲಾ ಸ್ಪೇಸರ್ ಹಾಕ್ರಿ.

ಬಾಡಿಗೆ_ಮನೆ_ಬೆಂಗಳೂರು:
ನಡುವೆ ಕೇಳ್ತಿದೀನಿ, ಕ್ಷಮಿಸಿ. ಅಪಾರ್ಟ್‌ಮೆಂಟ್‌ನ ಬೆಳ್ಳಗಿನ ಹಗುರ ಬ್ಲಾಕ್ ಗೋಡೆಗೂ ಇದೇ ಕ್ರಮಾನಾ?

ಗೋಡೆ_ಕೆಲಸ_ಉಡುಪಿ:
ಅದು ಎಎಸಿ ಬ್ಲಾಕ್. ಹೆಚ್ಚುಕಮ್ಮಿ ಇದೇ ಕ್ರಮ: ಹ್ಯಾಮರ್ ಇಲ್ಲ, ಆ್ಯಂಕರ್ ಬೋಲ್ಟ್ ಇಲ್ಲ, ಎಎಸಿಗೆಂದೇ ಬರುವ ನೈಲಾನ್ ಪ್ಲಗ್ ಕೇಳಿ. ಪೂರ್ತಿ ಕಾಂಕ್ರೀಟ್ ಗೋಡೆಯಾದರೆ ತಿರುಗಾಮುರುಗಾ, ಅಲ್ಲಿ ಹ್ಯಾಮರ್ ಬೇಕೇಬೇಕು, 8 ಮಿಮೀ ಪ್ಲಗ್ 50 ಮಿಮೀ ಹೋದರೆ ಧಾರಾಳ. ಓನರ್ ಒಪ್ಪಿಗೆ ಮೊದಲೇ ತಗೊಳ್ಳಿ.

ವೈರ್‌ಮನ್_ಸಾಗರ:
ಕರಾವಳಿ, ಮಲೆನಾಡು ಎರಡು ಕಡೆಯವರಿಗೂ ಹೇಳಬೇಕಾದ್ದು ಸಿಡಿಲಿನ ವಿಷಯ. ಗೋಡೆಗೆ ಅಂಟಿಸಿದ ಟಿವಿಯ ಹಿಂದೆ ಉಳಿಯೋದು ಎರಡು ಮೂರು ಸೆಂಟಿಮೀಟರ್ ಜಾಗ. ಸಾಕೆಟ್ ಅಲ್ಲೇ ಹಿಂದೆ ಕೊಟ್ಟರೆ ನೋಡೋಕೆ ಚೆಂದ, ಆದರೆ ಗುಡುಗು ಶುರುವಾದಾಗ ಪ್ಲಗ್ ಕೀಳೋಕೆ ಕೈ ಹೋಗಲ್ಲ. ಸ್ವಿಚ್ ಆಫ್ ಮಾಡಿದರೆ ಸಾಲದು. ಸ್ವಿಚ್ಚಿನೊಳಗಿನ ಸಣ್ಣ ಅಂತರವನ್ನು ಸಿಡಿಲು ಸುಲಭವಾಗಿ ಹಾರುತ್ತೆ, ಸ್ಪೈಕ್ ಗಾರ್ಡ್ ಅದನ್ನ ತಡೆಯಲ್ಲ. ಹಾಗಾಗಿ 6 ಆಂಪಿಯರ್ ಸಾಕೆಟ್ ಟಿವಿಯ ಕೆಳಗೆ ಅಥವಾ ಪಕ್ಕದಲ್ಲಿ, ಕೈಗೆ ಸಿಗೋ ಹಾಗೆ ಇರಲಿ. ಡಿಶ್ ಕೇಬಲ್ ಕೂಡ ಅಷ್ಟೇ ಮುಖ್ಯ. ಮಾಡಿನ ಮೇಲಿನ ಡಿಶ್‌ನಿಂದ ಆ ತಂತಿ ಸೀದಾ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ಟಿವಿ ಬೋರ್ಡಿಗೆ ಬಂದಿರುತ್ತೆ. ಬಾಕ್ಸನ್ನ ಕೆಳಗೆ ಸ್ಟ್ಯಾಂಡಿನಲ್ಲಿಡಿ. ಪವರ್, ಡಿಶ್ ತಂತಿ ಎರಡನ್ನೂ ಕಿತ್ತಿಡಿ. ಫೈಬರ್ ಇಂಟರ್‌ನೆಟ್ ಆದರೂ ರೂಟರ್‌ನಿಂದ ಟಿವಿಗೆ ಲ್ಯಾನ್ ತಂತಿ ಇದ್ದರೆ ಅದೂ ಬಿಚ್ಚಬೇಕು. ವೈಫೈ ಇದ್ದರೆ ಆ ತಲೆಬಿಸಿ ಇಲ್ಲ. ಇದೆಲ್ಲ ಗುಡುಗು ಹತ್ತಿರ ಬರೋ ಮೊದಲೇ ಆಗಬೇಕು. ಹೊಡೀತಿರುವಾಗ ವೈರ್ ಮುಟ್ಟೋಕೆ ಹೋಗಬೇಡಿ.

ಸ್ಟೆಬಿಲೈಜರ್‌ಗೆ ದುಡ್ಡು ಹಾಕೋ ಅಗತ್ಯ ಇಲ್ಲ, ಈಗಿನ ಟಿವಿಗಳು ಸಾಮಾನ್ಯವಾಗಿ 100ರಿಂದ 240 ವೋಲ್ಟ್‌ವರೆಗೆ ತಡ್ಕೊಳ್ತವೆ. ಸುಡೋದು ಲೈನಲ್ಲಿ ನ್ಯೂಟ್ರಲ್ ಕಡಿದು ವೋಲ್ಟೇಜ್ 400ರ ಹತ್ತಿರ ಏರಿದಾಗ. ಆ ದುಡ್ಡಿಗೆ ಮೀಟರ್ ಬೋರ್ಡಿನಲ್ಲಿ ಓವರ್ ವೋಲ್ಟೇಜ್ ಕಟ್ ಮಾಡೋ ಸಾಧನ ಹಾಕಿಸಿ, ಫ್ರಿಜ್ಜೂ ಉಳಿಯುತ್ತೆ. ವೈರಿಗೆ ಗೋಡೆ ಒಡೆಯೋದು ಬೇಡ, ಕೇಸಿಂಗ್ ಕ್ಯಾಪಿಂಗ್ ಪಟ್ಟಿ ಸಾಕು. ಡ್ರಿಲ್ ಹಿಡಿಯೋ ಮೊದಲು ಆ ಗೋಡೆಯ ವೈರಿನ ಎಂಸಿಬಿ (ಬೋರ್ಡಿನ ಬ್ರೇಕರ್ ಸ್ವಿಚ್) ಆಫ್ ಮಾಡಿ, ಡ್ರಿಲ್ಲಿಗೆ ಬೇರೆ ಸರ್ಕ್ಯೂಟಿನಿಂದ ಕರೆಂಟ್ ತಗೊಳ್ಳಿ. ಸ್ವಿಚ್‌ಬೋರ್ಡಿನ ನೇರ ಮೇಲೆ, ನೇರ ಪಕ್ಕ ಪೈಪ್ ಹೋಗಿರೋ ಸಾಧ್ಯತೆ ಇದೆ, ಆ ಗೆರೆಯಲ್ಲಿ ಕೊರೀಬೇಡಿ.

ಪುತ್ತೂರು_ಮನೆ:
ತುಂಬಾ ಉಪಕಾರ ಆಯಿತು. ಗೋಡೆ ಒಳಗಿನದ್ದೇ, ಥಂಡಿ ಇಲ್ಲ. ಹಲಗೆ ನಾವೇ ಹಾಕಿಸಿದರೆ ಕಂಪನಿಯವರು ಅದಕ್ಕೆ ಟಿವಿ ಕೂರಿಸುತ್ತಾರಾ? ವಾರಂಟಿಗೆ ತೊಂದರೆ ಆದೀತಾ?

ಗೋಡೆ_ಕೆಲಸ_ಉಡುಪಿ:
ಖರೀದಿಗೆ ಮೊದಲೇ ಅಂಗಡಿಯಲ್ಲಿ ಕೇಳಿ ಮಾರಾಯ್ರೆ. ಕೆಲವು ಕಂಪನಿಯವರು ತಮ್ಮ ಜನ ಬಂದೇ ಬಾಕ್ಸ್ ಒಡೆಯಬೇಕು ಅನ್ನುತ್ತಾರೆ, ಹಾಗಾಗಿ ನೀವು ಬಿಚ್ಚಬೇಡಿ. ಬ್ರಾಕೆಟ್ ಮಾತ್ರ ಬೇರೆ ತಗೊಂಡು ಹಲಗೆಯ ಕೆಲಸ ಮುಗಿಸಿಡಿ, ಅವರು ಬಂದ ದಿನ ಸಿಕ್ಕಿಸುವುದಷ್ಟೇ ಬಾಕಿ ಇರಲಿ. ಮಾಡೆಲ್‌ನ ತೂತಿನ ಅಳತೆ ಕಂಪನಿಯ ಸೈಟಿನಲ್ಲಿ ಸಿಗುತ್ತದೆ. ಬಾಕ್ಸ್ ಒಡೆದ ಕೂಡಲೇ, ಗೋಡೆಗೆ ಏರಿಸುವ ಮೊದಲು, ಟಿವಿ ಆನ್ ಮಾಡಿಸಿ ಪೂರ್ತಿ ಬಿಳಿ, ಪೂರ್ತಿ ಕಪ್ಪು ಪರದೆ ಹಾಕಿ ನೋಡಿ. ಗೆರೆ, ಬಿರುಕು, ಚುಕ್ಕೆ ಇದ್ದರೆ ಅವರ ಎದುರೇ ವಿಡಿಯೋ ಮಾಡಿ. ಬಿರುಕಿಗೆ ವಾರಂಟಿ ಇಲ್ಲ, ಆಮೇಲೆ ಹೇಳಿದರೆ ನೀವೇ ಒಡೆದದ್ದು ಅನ್ನುತ್ತಾರೆ.

ಹಲಗೆಗೆ ಒಂದು ಪರೀಕ್ಷೆ ಮಾಡಿ. ಎಂಟರಲ್ಲಿ ಮೊದಲು ಮೇಲಿನ ಮಧ್ಯದ ಒಂದನ್ನೇ ಬಿಗಿದು, ರಸಮಟ್ಟ ಇಟ್ಟು ಸರಿಮಾಡಿ, ಆಮೇಲೆ ಬಾಕಿ ಏಳು ಕೊರೆಯಿರಿ. ಎಲ್ಲ ಬಿಗಿದ ಮೇಲೆ ಬ್ರಾಕೆಟ್ ಕೂರಿಸಿ, ಅದಕ್ಕೆ ಹಗ್ಗದಲ್ಲಿ 25 ಕೆಜಿ ಅಕ್ಕಿ ಚೀಲ ತೂಗಿಹಾಕಿ ಒಂದು ರಾತ್ರಿ ಬಿಡಿ. ತೂಗಿಹಾಕುವ ಮೊದಲೇ ಹಲಗೆಯ ಮೇಲಂಚಿಗೆ ತಾಗಿ ಸಾರಣೆಯ ಮೇಲೆ ಪೆನ್ಸಿಲ್ ಗೆರೆ ಎಳೆದಿಡಿ. ಬೆಳಿಗ್ಗೆ ಹಲಗೆ ಆ ಗೆರೆಯಿಂದ ಸರಿದಿದ್ದರೆ, ಅಥವಾ ಮೇಲಂಚಿನಲ್ಲಿ ಸಂದು ಬಿಟ್ಟಿದ್ದರೆ, ಯಾವ ಸ್ಕ್ರೂ ಸಡಿಲ ಅಂತ ಒಂದೊಂದಾಗಿ ತಿರುಗಿಸಿ ನೋಡಿ. ಸಡಿಲ ಇದ್ದದ್ದನ್ನು ಬಿಟ್ಟು ಪಕ್ಕದಲ್ಲಿ ಬೇರೆ ತೂತು ಹಾಕಿ.