ಸಹಾಯ ಬೇಕು: ಹಳೆಯ ಕಿಟಕಿ ಗಾಜನ್ನು ಮಣ್ಣುಪಾಲು ಮಾಡದೆ ಉಳಿಸಬೇಕಿದೆ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರದ ನಮ್ಮ ಹಳೆಯ ಮನೆಯ ಮುಂಭಾಗವನ್ನು ಬಿಚ್ಚಿ ಕಟ್ಟಿಸುತ್ತಿದ್ದೇವೆ. ಸಾಗುವಾನಿ ಕಿಟಕಿಗಳಿಂದ ತೆಗೆದ ಗಾಜು, ಮಾಡಿನಿಂದ ಇಳಿಸಿದ ಗಾಜಿನ ಹೆಂಚು ಜಗಲಿಯಲ್ಲಿ ರಾಶಿ ಬಿದ್ದಿವೆ. ಎಲ್ಲವನ್ನೂ ಗುಂಡಿಗೆ ಹಾಕಿ ಮುಚ್ಚೋಣ ಎನ್ನುತ್ತಾರೆ ಮೇಸ್ತ್ರಿ. ನನಗೆ ಮನಸ್ಸು ಒಪ್ಪುತ್ತಿಲ್ಲ.

ಮರಳು, ಸೋಡಾ ಬೂದಿ, ಸುಣ್ಣದ ಕಲ್ಲನ್ನು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿದರೆ ಗಾಜಾಗುತ್ತದೆ. ಕುಲುಮೆಯ ಇಂಧನದ ಹೊಗೆ ಒಂದು ಕಡೆಯಾದರೆ, ಕಾದ ಸುಣ್ಣದ ಕಲ್ಲು ಮತ್ತು ಸೋಡಾ ಬೂದಿ ತಾವೇ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಹಳೆಯ ಗಾಜಿನ ಚೂರು ಬೆರೆಸಿದರೆ ಎರಡೂ ತಗ್ಗುತ್ತವೆ. ಶೇ 10ರಷ್ಟು ಚೂರು ಸೇರಿಸಿದರೆ ಸುಮಾರು ಶೇ 2.5ರಿಂದ 3ರಷ್ಟು ಶಕ್ತಿ ಉಳಿಯುತ್ತದೆ. ಆದರೆ ಪುಟ್ಟಿ (ಗಾಜನ್ನು ಚೌಕಟ್ಟಿಗೆ ಕೂರಿಸಲು ಮೆತ್ತುವ ಅಂಟು), ಮೊಳೆ, ಬಾಟಲಿ ಚೂರು ಸೇರಿದ್ದು ಕಿಟಕಿ ಗಾಜಿನ ತಯಾರಿಕೆಗೆ ನಡೆಯುವುದಿಲ್ಲ. ನಮ್ಮ ಕಡೆಯ ಗುಜರಿಯವರಂತೂ ಬಾಟಲಿ ಮಾತ್ರ ಒಯ್ಯುತ್ತಾರೆ.

ಶಿವಮೊಗ್ಗ, ಭದ್ರಾವತಿ ಕಡೆ ಕಿಟಕಿ ಗಾಜನ್ನು ಬೇರೆಯಾಗಿಯೇ ಸಂಗ್ರಹಿಸಿ ಕಾರ್ಖಾನೆಗೆ ಕಳಿಸುವವರು ಇದ್ದಾರೆಯೇ? ಕಲ್ಲಿನಂತಾಗಿರುವ ಪುಟ್ಟಿಯನ್ನು ಗಾಜು ಒಡೆಯದಂತೆ ಬಿಡಿಸಬಲ್ಲ ಬಡಗಿಗಳು ಯಾರಿಗಾದರೂ ಗೊತ್ತೇ? ಕರಗಿಸುವುದಕ್ಕಿಂತ ಇದ್ದ ಹಾಗೆಯೇ ಬಳಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಇಡಿಯಾಗಿ ಉಳಿದವನ್ನು ಅಳತೆಗೆ ಕತ್ತರಿಸಿ ಹೊಸ ಕಿಟಕಿಗೆ ಕೂರಿಸುವ ಆಸೆಯಿದೆ. ಇದು ಸಾದಾ ಗಾಜು, ಕತ್ತರಿಸಬಹುದು. ಕಾಯಿಸಿ ಬೇಗನೆ ತಣಿಸಿ ಗಟ್ಟಿಗೊಳಿಸಿದ ಟಫನ್ಡ್ ಗಾಜಾಗಿದ್ದರೆ ಕೊಯ್ಯಲು ಹೋದ ಕೂಡಲೇ ಪುಡಿಪುಡಿಯಾಗುತ್ತಿತ್ತು.

ಗಾಜಿನ ಹೆಂಚು ಬೇಕಾದವರು ಬಂದು ಒಯ್ಯಬಹುದು, ದುಡ್ಡು ಬೇಡ. ಮಳೆ ಹಿಡಿಯುವ ಮೊದಲು ಜಗಲಿ ಖಾಲಿಯಾಗಬೇಕು, ದಯವಿಟ್ಟು ಬೇಗ ತಿಳಿಸಿ.