ಕುಡಿದಿದ್ದೆ, ಕಾಂಡೋಮ್ ಇರಲಿಲ್ಲ. ಈಗ ಏನು ಮಾಡಲಿ?

ಶಿರಸಿ_ಹುಡುಗಿ: ನನಗೆ 22 ವರ್ಷ, ಕಾರವಾರದಲ್ಲಿ ಕೆಲಸ. ಶನಿವಾರ ಗೆಳತಿಯ ಬರ್ತ್‌ಡೇಗೆ ಗೋಕರ್ಣದ ಕುಡ್ಲೆ ಬೀಚಿಗೆ ಹೋಗಿದ್ದೆವು. ಬಿಯರ್ ಕುಡಿದೆ, ಆಮೇಲೆ ಯಾರೋ ಗೋವಾದಿಂದ ತಂದಿದ್ದ ಫೆನಿ. ಹುಡುಗ ಪರಿಚಯದವನೇ, ನನಗೂ ಇಷ್ಟ ಇತ್ತು ಅನ್ನಿಸುತ್ತದೆ, ಆದರೆ ಕಾಂಡೋಮ್ ಬೇಕು ಅಂತ ಹೇಳಲೇ ಇಲ್ಲ, ಅರ್ಧ ನೆನಪೂ ಇಲ್ಲ. ಇವತ್ತು ಸೋಮವಾರ ಬೆಳಿಗ್ಗೆ, ಊರಲ್ಲಿದ್ದೇನೆ. ಇಲ್ಲಿನ ಮೆಡಿಕಲ್ ಶಾಪಿನವರೆಲ್ಲ ಅಪ್ಪನಿಗೆ ಗೊತ್ತು. ಕುಡಿದಿದ್ದರೆ ಬಸಿರು ತಡೆಯುವ ಗುಳಿಗೆ ಕೆಲಸ ಮಾಡುವುದಿಲ್ಲವಾ? ಆಯಿಗೆ ಗೊತ್ತಾದರೆ ಏನು ಮಾಡುವುದು ಅಂತ ಕೈಕಾಲೇ ಆಡುತ್ತಿಲ್ಲ.

ಕಾರವಾರದ_ನರ್ಸ್: ತಂಗಿ, ಇನ್ನೂ ಹೊತ್ತಿದೆ. ಐ-ಪಿಲ್ ತರಹದ ಗುಳಿಗೆ, ಅಂದರೆ ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ, 72 ಗಂಟೆಯೊಳಗೆ ತೆಗೆದುಕೊಳ್ಳಬೇಕು, ಬೇಗ ತೆಗೆದುಕೊಂಡಷ್ಟೂ ಒಳ್ಳೆಯದು. ಡಾಕ್ಟರ ಚೀಟಿ ಬೇಡ. ಮದ್ಯದಿಂದ ಅದರ ಶಕ್ತಿ ಕಡಿಮೆಯಾಗುವುದಿಲ್ಲ, ಆದರೆ ನುಂಗಿ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕು. ಮುಟ್ಟು ಸ್ವಲ್ಪ ಹಿಂದೆಮುಂದೆ ಆಗಬಹುದು, ಹೆದರಬೇಡ. ಮೂರು ವಾರ ಬಿಟ್ಟು ಒಮ್ಮೆ ಬಸಿರಿನ ಟೆಸ್ಟ್ ಮಾಡಿಕೋ.

ಈ ಗುಳಿಗೆ ಬಸಿರನ್ನು ಮಾತ್ರ ತಡೆಯುತ್ತದೆ, ಕಾಯಿಲೆಯನ್ನಲ್ಲ. ಹಾಗಾಗಿ ಇವತ್ತೇ ಕಾರವಾರದ ಜಿಲ್ಲಾ ಆಸ್ಪತ್ರೆಗೆ ಬಾ. ಎಚ್‌ಐವಿ ತಡೆಯುವ ಮಾತ್ರೆ ನಿನಗೆ ಬೇಕಾ ಅಂತ ಡಾಕ್ಟರು ನೋಡುತ್ತಾರೆ. ಅದನ್ನೂ 72 ಗಂಟೆಯೊಳಗೇ ಶುರುಮಾಡಿ 28 ದಿನ ತಪ್ಪದೆ ತೆಗೆದುಕೊಳ್ಳಬೇಕು. ಎಚ್‌ಐವಿ ಪರೀಕ್ಷೆಗೆ ದುಡ್ಡಿಲ್ಲ. ಫಲಿತಾಂಶ ಗುಟ್ಟಾಗಿರಬೇಕು ಅಂತ 2017ರ ಕಾಯ್ದೆಯೇ ಇದೆ. ಮೊದಲೇ ಕೇಳಬೇಕಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡು.

ಅಂಕೋಲಾ_ಅಕ್ಕ: ನರ್ಸ್ ಹೇಳಿದ್ದೆಲ್ಲ ಸರಿ. ಆದರೆ "ಇಷ್ಟ ಇತ್ತು ಅನ್ನಿಸುತ್ತದೆ, ಅರ್ಧ ನೆನಪಿಲ್ಲ" ಅಂದೆಯಲ್ಲ, ನನಗೆ ಸಂಕಟವಾಗಿದ್ದು ಅಲ್ಲಿ. ಏನಾಗುತ್ತಿದೆ ಅಂತಲೇ ತಿಳಿಯದಷ್ಟು ಅಮಲಿನಲ್ಲಿದ್ದವಳು ಹೂಂ ಅಂದರೂ ಕಾನೂನು ಅದನ್ನು ಒಪ್ಪಿಗೆ ಅನ್ನುವುದಿಲ್ಲ. ನಿನ್ನ ವಿಷಯದಲ್ಲಿ ಹಾಗೇ ಆಯಿತು ಅಂತ ನಾನು ತೀರ್ಮಾನ ಮಾಡುತ್ತಿಲ್ಲ, ಅದು ನಿನಗೇ ಗೊತ್ತು. ಮನಸ್ಸಿಗೆ ಚುಚ್ಚುತ್ತಿದ್ದರೆ ಮಹಿಳಾ ಸಹಾಯವಾಣಿ 181 ಇದೆ, ಮಾತಾಡು. ಕುಡಿದಿದ್ದೆ ಅನ್ನುವುದು ನಿನ್ನ ತಪ್ಪಿನ ಲೆಕ್ಕಕ್ಕೆ ಬರುವುದಿಲ್ಲ.

ಮಲೆನಾಡ_ಮಳೆ: ನನಗೂ ಹೀಗೇ ಆಗಿತ್ತು. ಒಂದು ಕ್ಲಿನಿಕ್ಕಿನಲ್ಲಿ ಎಲ್ಲರೂ ಕೇಳುವ ಹಾಗೆ "ಮದುವೆ ಆಗಿದೆಯಾ" ಅಂದರು, ನಾನು ಎದ್ದು ಬಂದೆ, ಒಂದು ದಿನ ಹಾಳಾಯಿತು. ನೀನು ಹಾಗೆ ಎದ್ದು ಬರಬೇಡ. ಗಂಡಸರು ಕುಡಿದಷ್ಟೇ ಕುಡಿದರೂ ನಮಗೆ ಜಾಸ್ತಿ ಏರುತ್ತದೆ, ಮೈಯಲ್ಲಿ ನೀರಿನ ಪಾಲು ಕಡಿಮೆ ಇರುವುದರಿಂದ. ಎರಡನೇ ಗ್ಲಾಸಿನ ಹೊತ್ತಿಗೆ "ಬೇಡ" ಅನ್ನುವ ಬಾಯೇ ಬರುವುದಿಲ್ಲ, ಅಲ್ವಾ? ಅದಕ್ಕೇ ಈಗ ಕಾಂಡೋಮ್ ನನ್ನ ಬ್ಯಾಗಿನಲ್ಲೇ ಇರುತ್ತದೆ, ಏನು ಬೇಕು ಏನು ಬೇಡ ಅಂತ ಮೊದಲ ಗ್ಲಾಸಿಗೆ ಮುಂಚೆಯೇ ಹೇಳಿಬಿಡುತ್ತೇನೆ. ಕುಡಿಯದ ಗೆಳತಿ ಒಬ್ಬಳು ಜೊತೆಗಿದ್ದೇ ಇರುತ್ತಾಳೆ.

ಶಿರಸಿ_ಹುಡುಗಿ: ಕುಮಟಾದಲ್ಲಿ ಇಳಿದು ಗುಳಿಗೆ ತೆಗೆದುಕೊಂಡೆ. ಅಂಗಡಿಯವರು ಏನೂ ಕೇಳಲಿಲ್ಲ. ಈಗ ಕಾರವಾರದ ಬಸ್ಸಿನಲ್ಲಿದ್ದೇನೆ. ನರ್ಸ್ ಅಕ್ಕಾ, ಆಸ್ಪತ್ರೆಯಲ್ಲಿ ಮೊದಲು ಯಾರನ್ನು ಕೇಳಲಿ?

ಕಾರವಾರದ_ನರ್ಸ್: ಚೀಟಿ ಮಾಡಿಸುವಲ್ಲಿ ಏನನ್ನೂ ವಿವರಿಸಬೇಡ, "ಲೇಡಿ ಡಾಕ್ಟರ್ ಹತ್ತಿರ ಮಾತಾಡಬೇಕು" ಅನ್ನು ಸಾಕು. ಊಟ ಮಾಡಿ ಬಾ.