ಹಳೆಯ ಕೋಲ್ಟ್ ವುಡ್ಸ್‌ಮನ್ ಕೊಳ್ಳಲೇ, ಹೈ ಸ್ಟ್ಯಾಂಡರ್ಡ್ ಕೊಳ್ಳಲೇ?

ನ್ಯೂಹೇವನ್ ಕನ್ನಡಿಗ:

ಕನೆಕ್ಟಿಕಟ್‌ನಲ್ಲಿದ್ದೇನೆ. ಎಚ್-1ಬಿ ವೀಸಾ ಇದ್ದಾಗ ಇಲ್ಲಿ ಬಂದೂಕು ಕೊಳ್ಳುವುದು ಸುಲಭವಿರಲಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ರಾಜ್ಯದ ಪಿಸ್ತೂಲು ಪರವಾನಗಿ ಪಡೆದು, ಕ್ಲಬ್ಬಿನ .22 (ಸುಮಾರು 0.22 ಅಂಗುಲ ವ್ಯಾಸದ ಗುಂಡಿನ) ಪಿಸ್ತೂಲಿನಲ್ಲಿ ಬುಲ್ಸ್‌ಐ, ಅಂದರೆ ಒಂಟಿ ಕೈಯ ಗುರಿಪಂದ್ಯದ ಅಭ್ಯಾಸ ಮಾಡುತ್ತಿದ್ದೇನೆ. ಈಗ ಸ್ವಂತದ್ದೊಂದು ಬೇಕು. ಅದೂ ಈ ಸುತ್ತಮುತ್ತಲೇ ತಯಾರಾದ ಹಳೆಯದೇ ಆಗಬೇಕೆಂಬ ಆಸೆ.

ಅಂಗಡಿಯೊಂದರಲ್ಲಿ ಎರಡು ಕಂಡಿವೆ. ಒಂದು ಹಾರ್ಟ್‌ಫರ್ಡ್‌ನ ಕೋಲ್ಟ್ ವುಡ್ಸ್‌ಮನ್, ಆರೂವರೆ ಅಂಗುಲದ ನಳಿಕೆ, 1920ರ ದಶಕದ ಕೊನೆಯದಂತೆ. ಇನ್ನೊಂದು ಹ್ಯಾಮ್ಡನ್ ಮುದ್ರೆಯ ಹೈ ಸ್ಟ್ಯಾಂಡರ್ಡ್ ಸೂಪರ್‌ಮ್ಯಾಟಿಕ್ ಸೈಟೇಶನ್, 107 ಮಿಲಿಟರಿ ಎಂಬ ಮಾದರಿ. ಕೋಲ್ಟ್ ಅನ್ನು ಕೈಗೆತ್ತಿಕೊಂಡರೆ ಕೆಳಗಿಡಲು ಮನಸ್ಸಾಗುವುದಿಲ್ಲ. ಆದರೆ ವಾರವಾರವೂ ಗುಂಡು ಹಾರಿಸುವವನು ನಾನು, ಗಾಜಿನ ಪೆಟ್ಟಿಗೆಯಲ್ಲಿ ಇಡುವವನಲ್ಲ. ಅನುಭವಸ್ಥರು ಏನನ್ನುತ್ತೀರಿ?

ಲೇತಿನವನು:

ಬೆಂಗಳೂರಿನಲ್ಲಿ ಲೇತ್ ಯಂತ್ರದ ಮುಂದೆ ಕೆಲಸ ಕಲಿತು ಓಹಾಯೋಗೆ ಬಂದು ನೆಲೆಸಿದವನು ನಾನು. ಈ ಪಿಸ್ತೂಲುಗಳ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಗುಂಡಿನಿಂದಲ್ಲ, ಉಕ್ಕಿನಿಂದ. ವುಡ್ಸ್‌ಮನ್‌ನ ಸ್ಲೈಡನ್ನು ಹಿಂದಕ್ಕೆಳೆದು ನೋಡಿ; ಬೆಣ್ಣೆಯಲ್ಲಿ ಚಾಕು ಆಡಿದಂತೆ ಜಾರುತ್ತದೆ. ಮೂಲ ವಿನ್ಯಾಸ ಹೆಸರಾಂತ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ಅವರದು. 1915ರಲ್ಲಿ ಮಾರುಕಟ್ಟೆಗೆ ಬಂತು, ವುಡ್ಸ್‌ಮನ್ ಎಂಬ ಹೆಸರು ಸೇರಿದ್ದು 1927ರಲ್ಲಿ, ತಯಾರಿಕೆ ನಿಂತದ್ದು 1977ರಲ್ಲಿ.

ಕೊಳ್ಳುವ ಮೊದಲು ಹಿಡಿಯ ಹಿಂಬದಿ, ಅಂಗೈಯ ಬುಡ ತಾಗುವ ಜಾಗವನ್ನು ನೋಡಿ. ಮುಖ್ಯ ಸ್ಪ್ರಿಂಗ್ ಕೂರುವ ಆ ಭಾಗದ ಮೇಲೆ ಸಣ್ಣ ಚೌಕುಳಿ ಕೆತ್ತನೆ ಇದ್ದರೆ ಅದು ಹಳೆಯ ಬಗೆ. ಅದಕ್ಕೆ ಸ್ಟ್ಯಾಂಡರ್ಡ್ ವೇಗದ ತೋಟಾ ಮಾತ್ರ. ಅಡ್ಡಗೆರೆಗಳಿದ್ದರೆ ಅದು 1932ರ ಸುಮಾರಿಗೆ ಬಂದ ಗಟ್ಟಿಯಾದ ಬಗೆ, ಹೆಚ್ಚು ವೇಗದ ತೋಟಾದ ಹೊಡೆತವನ್ನು ತಡೆಯುತ್ತದೆ. ಗುರಿಪಂದ್ಯಕ್ಕೆ ಹೇಗೂ ಸ್ಟ್ಯಾಂಡರ್ಡ್ ವೇಗವೇ ಬೇಕಾದ್ದರಿಂದ ಇದು ನಿಮಗೆ ತೊಡಕಲ್ಲ. ಆದರೂ ಅಪ್ಪಿತಪ್ಪಿ ಬೇರೆ ಡಬ್ಬಿಯ ತೋಟಾ ತುಂಬಬೇಡಿ. ಒಡೆದ ಭಾಗಕ್ಕೆ ಬದಲಿ ಹುಡುಕುವುದು ಕಷ್ಟ.

ನಳಿಕೆಯೊಳಗೆ ಬೆಳಕು ಬಿಟ್ಟು ನೋಡಿ. ಆ ಕಾಲದ ತೋಟಾಗಳ ಸಿಡಿಮದ್ದು ತುಕ್ಕು ಹಿಡಿಸುವ ಲವಣವನ್ನು ಒಳಗೆ ಉಳಿಸುತ್ತಿತ್ತು. ರೆಮಿಂಗ್ಟನ್‌ನ ಕ್ಲೀನ್‌ಬೋರ್ ತೋಟಾ ಬಂದದ್ದೇ 1926-27ರಲ್ಲಿ. ಹೊರಗಿನ ನೀಲಿ ಹೊಳಪು ಕನ್ನಡಿಯಂತಿದ್ದೂ ಒಳಗೆ ಗುಳಿ ಬಿದ್ದ ನಳಿಕೆಗಳಿವೆ. ತೋಟಾ ಕೂರುವ ಚೇಂಬರಿನ ಬಾಯಿಯ ಅಂಚನ್ನೂ ಉಗುರಿನಿಂದ ಸವರಿ. .22ರಂಥ ರಿಮ್‌ಫೈರ್‌ನಲ್ಲಿ ಫೈರಿಂಗ್ ಪಿನ್ ಬಡಿಯುವುದು ತೋಟಾದ ಅಂಚಿಗೆ. ತೋಟಾ ಇಲ್ಲದೆ ಟ್ರಿಗರ್ ಎಳೆದೆಳೆದು ಆಡಿದವರ ಪಿಸ್ತೂಲಿನಲ್ಲಿ ಆ ಪಿನ್ ಚೇಂಬರಿನ ಅಂಚಿಗೇ ಬಡಿದು ಉಬ್ಬು ಎಬ್ಬಿಸಿರುತ್ತದೆ.

ನನ್ನ ಮಾತು ಕೇಳುವುದಾದರೆ, ಪಂದ್ಯಕ್ಕೆ ಸೈಟೇಶನ್. ಭಾರದ ನಳಿಕೆ, ಒಳ್ಳೆಯ ಗುರಿಕಿಂಡಿ, ಹಿಡಿಯ ಕೋನ ಕೋಲ್ಟ್ 1911 ಎಂಬ .45 ಪಿಸ್ತೂಲಿನದೇ. ಮುಂದೆ .45ಕ್ಕೆ ಹೋದರೆ ಮಣಿಕಟ್ಟು ಹೊಸದಾಗಿ ಕಲಿಯಬೇಕಿಲ್ಲ. ಸುಮಾರು 800 ಗ್ರಾಂ ತೂಗುವ, ಸಪೂರ ನಳಿಕೆಯ ವುಡ್ಸ್‌ಮನ್ ಅನ್ನು ಒಂಟಿ ಕೈಯಲ್ಲಿ 50 ಗಜಕ್ಕೆ ಸ್ಥಿರವಾಗಿ ಹಿಡಿಯುವುದು ಬೇರೆಯೇ ಸಾಧನೆ. ಕ್ಲಬ್ಬಿನವರು ಟ್ರಿಗರಿಗೆ ತೂಕ ತೂಗಿಸಿ ಪರೀಕ್ಷಿಸುತ್ತಾರೆ. .22ಕ್ಕೆ ಕನಿಷ್ಠ 2 ಪೌಂಡ್ ನಿಯಮವಿದೆ, ಸೈಟೇಶನ್ ಅದರ ಆಸುಪಾಸಿನಲ್ಲೇ ಇರುತ್ತದೆ. ಯಾರಾದರೂ ಅರ ಹಾಕಿ ಹಗುರ ಮಾಡಿದ್ದರೆ ಬಿಟ್ಟುಬಿಡಿ.

ಹೈ ಸ್ಟ್ಯಾಂಡರ್ಡ್ ಕಂಪನಿ 1970ರ ದಶಕದ ಉತ್ತರಾರ್ಧದಲ್ಲಿ ಹ್ಯಾಮ್ಡನ್‌ನಿಂದ ಈಸ್ಟ್ ಹಾರ್ಟ್‌ಫರ್ಡ್‌ಗೆ ಸ್ಥಳಾಂತರಗೊಂಡಿತು. ಹಾಗಾಗಿ ಹ್ಯಾಮ್ಡನ್ ಮುದ್ರೆಗೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ. ಆ ಆದ್ಯತೆ ಸರಿಯಾದದ್ದೇ ಎಂದು ನನ್ನ ಕೈ ಹೇಳುತ್ತದೆ.

ಮೈಸೂರಿನ ಗುರಿಕಾರ:

ಒಂದು ಎಚ್ಚರಿಕೆ ಸೇರಿಸುತ್ತೇನೆ. ಹೈ ಸ್ಟ್ಯಾಂಡರ್ಡ್‌ನಲ್ಲಿ ಒಲಿಂಪಿಕ್ ಎಂಬ ಮಾದರಿಯೂ ಇದೆ, ಅದು .22 ಶಾರ್ಟ್ ಎಂಬ ಗಿಡ್ಡ ತೋಟಾಕ್ಕೆ ಮಾಡಿದ್ದು. ನಳಿಕೆಯ ಮೇಲಿನ ಬರಹ ಓದದೆ ಕೊಳ್ಳಬೇಡಿ. 25 ಮೀಟರ್ ರ‍್ಯಾಪಿಡ್ ಫೈರ್‌ನಲ್ಲಿ ದಶಕಗಳ ಕಾಲ ಶಾರ್ಟ್ ತೋಟಾದ್ದೇ ದರ್ಬಾರು, ಒದೆ ಕಡಿಮೆ. 2005ರಲ್ಲಿ ನಿಯಮ ಬದಲಾಗಿ ಎಲ್ಲರೂ ಅದಕ್ಕಿಂತ ಉದ್ದನೆಯ ತೋಟಾ ಆದ ಲಾಂಗ್ ರೈಫಲ್‌ಗೆ ಬಂದರು. 2012ರಲ್ಲಿ ಲಂಡನ್‌ನಲ್ಲಿ ನಮ್ಮ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಹೊಸ ನಿಯಮದಲ್ಲಿ.

ಇಲ್ಲಿ ನಾವು ಏರ್ ಪಿಸ್ತೂಲಿನಲ್ಲೇ ತೃಪ್ತರು. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರರಿಗೆ ಎರಡೇ ಬಂದೂಕು. ಸಂಗ್ರಹದ ಮಾತು ದೂರ ಉಳಿಯಿತು. ನೀವು ಆರಿಸಿಕೊಂಡದ್ದರ ಚಿತ್ರ ಹಾಕಿ, ನೋಡಿಯಾದರೂ ಸಂತೋಷಪಡುತ್ತೇನೆ.

ನ್ಯೂಹೇವನ್ ಕನ್ನಡಿಗ:

ಅಂಗಡಿಗೆ ಹೋಗಿ ಬಂದೆ. ಕೋಲ್ಟ್‌ನದು ಚೌಕುಳಿ ಕೆತ್ತನೆಯೇ, ನಳಿಕೆಯೊಳಗೆ ಅಲ್ಲಲ್ಲಿ ಗುಳಿ. ಸೈಟೇಶನ್‌ನ ನಳಿಕೆ ಸ್ವಚ್ಛವಾಗಿದೆ, .22 ಲಾಂಗ್ ರೈಫಲ್ ಎಂದೇ ಬರೆದಿದೆ. ಮುಂಗಡ ಕೊಟ್ಟಿದ್ದೇನೆ. ಮ್ಯಾಗಜೀನ್ ಮಾತ್ರ ಒಂದೇ ಇದೆ. ಹಾರಿಸುವ ಮೊದಲು ಏನು ಮಾಡಲಿ?

ಲೇತಿನವನು:

ಒಳ್ಳೆಯ ಆಯ್ಕೆ. ಹೈ ಸ್ಟ್ಯಾಂಡರ್ಡ್‌ನ ಜೀವ ಇರುವುದೇ ಮ್ಯಾಗಜೀನಿನ ತುಟಿಗಳಲ್ಲಿ, ಅಂದರೆ ತೋಟಾ ಹಿಡಿದಿಡುವ ಮೇಲಂಚುಗಳಲ್ಲಿ. ತುಟಿ ಕೂದಲೆಳೆಯಷ್ಟು ಬಾಗಿದ್ದರೂ ತೋಟಾದ ಮೂಗು ಚೇಂಬರಿನ ಕೆಳಗೆ ಗುದ್ದಿ ನಿಲ್ಲುತ್ತದೆ. ಇಕ್ಕಳ ಹಿಡಿದು ನೀವೇ ಬಗ್ಗಿಸಲು ಹೋಗಬೇಡಿ, ಬಲ್ಲವರಿಂದ ಸರಿಪಡಿಸಿಕೊಳ್ಳಿ. ಮೇಜಿನ ಮೇಲೆ ಬೀಳಿಸಬೇಡಿ. ಎರಡನೆಯ ಮ್ಯಾಗಜೀನಿಗೆ ಈಗಲೇ ಹುಡುಕಾಟ ಶುರು ಮಾಡಿ.

ಸ್ಲೈಡಿನ ಹಿಂದೊದೆ ತಡೆಯುವ ರಿಕಾಯಿಲ್ ಸ್ಪ್ರಿಂಗ್ ಬದಲಿಸಿ. ದಣಿದ ಸ್ಪ್ರಿಂಗ್ ಇದ್ದರೆ ಸ್ಲೈಡ್ ಹಿಂದೆ ಹೋಗಿ ಚೌಕಟ್ಟಿಗೆ ಬಡಿಯುತ್ತಲೇ ಇರುತ್ತದೆ. ಮೇಲಿನ ನೀಲಿ ಎಷ್ಟೇ ಸವೆದಿರಲಿ, ಹೊಸದಾಗಿ ಬಣ್ಣ ಕಟ್ಟಿಸಬೇಡಿ. ಮೊದಲ ದಿನ 40 ಗ್ರೇನ್ ತೂಕದ ಸೀಸದ ಗುಂಡಿನ ಸ್ಟ್ಯಾಂಡರ್ಡ್ ವೇಗದ ತೋಟಾ ತೆಗೆದುಕೊಂಡು, ಮ್ಯಾಗಜೀನಿನಲ್ಲಿ ಎರಡನ್ನೇ ತುಂಬಿ. ಟ್ರಿಗರ್ ಒಮ್ಮೆ ಎಳೆದಾಗ ಎರಡೂ ಹಾರಿದರೆ ಅಲ್ಲಿಗೇ ನಿಲ್ಲಿಸಿ, ಹ್ಯಾಮರ್ ಅನ್ನು ಹಿಡಿದಿಡುವ ಸಿಯರ್ ಸವೆದಿರಬಹುದು. ಒಂದೊಂದೇ ಹಾರಿದರೆ ಐದು ತುಂಬಿ, 25 ಗಜದಿಂದ ಶುರು ಮಾಡಿ.